ಸಾಕ್ಷಿ ಹೇಳದವರ ಪ್ರಾರ್ಥನೆ

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿ, ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಪುಣೆಗೆ ಬರುವ ನಮ್ಮ ಮಂದಿ ದೌಂಡ್ ದಾಟಿದ ಕೂಡಲೇ ಸಾಮಾನು ಇಳಿಸಿ ಬಾಗಿಲ ಕಡೆ ಒಟ್ಟಲು ಶುರು ಮಾಡುತ್ತಾರೆ. ಹಾದಿ ಇನ್ನೂ ಬಹಳ ಇರುತ್ತದೆ, ಆದರೂ ಅವಸರ. ಆ ಗದ್ದಲದಲ್ಲಿ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಯಾರ ಗಮನಕ್ಕೂ ಬಾರದೆ ಹಿಂದೆ ಸರಿಯುತ್ತದೆ. ಪಂಡಿತಾ ರಮಾಬಾಯಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಆ ಊರಿನಲ್ಲಿ. ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ.

ಕಷ್ಟಕಾಲದಲ್ಲಿ ಕ್ರೈಸ್ತರಿಗೆ ಪ್ರಾರ್ಥನೆಯಿಂದ ಬಲ ಹೇಗೆ ಬರುತ್ತದೆ ಎನ್ನುವುದರ ಬಗ್ಗೆ ಮಾತನಾಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಹೆಣ್ಣುಮಗಳು. ಕಾರಣ ಇದೆ. ಆಕೆಯ ಬಾಳಿನಲ್ಲಿ ಬೇಡಿಕೊಂಡದ್ದು ಸಿಕ್ಕ ಸಂದರ್ಭಗಳಿಗಿಂತ ಸಿಗದೇ ಹೋದ ಸಂದರ್ಭಗಳೇ ಎದ್ದು ಕಾಣುತ್ತವೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು, ವಿಷ್ಣುಭಕ್ತರು. ಹೆಂಗಸರಿಗೆ ಸಂಸ್ಕೃತ ಕೂಡದು ಎನ್ನುವ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಮಗುವಿಗೆ ಆರು ತಿಂಗಳಾದಾಗ ಮನೆ ಬಿಟ್ಟು ಯಾತ್ರೆ ಹೊರಟ ಸಂಸಾರ ಅದು. ಬೆತ್ತದ ಪೆಟ್ಟಿಗೆಯಲ್ಲಿ ಕೂಸನ್ನು ಇಟ್ಟು, ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿದನಂತೆ. ಆಮೇಲೆ ವರ್ಷಗಟ್ಟಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡಿಗೆ, ದೇವಸ್ಥಾನದ ಜಗುಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಜೀವನ. 1870ರ ದಶಕದಲ್ಲಿ ದಕ್ಷಿಣಕ್ಕೆ ಬರ ಬಂತು. ಇದ್ದಬದ್ದದ್ದೆಲ್ಲ ಮಾರಿದರು, ದಾನ ಕೊಟ್ಟರು, ವ್ರತ ಮಾಡಿದರು, ಉಪವಾಸ ಮಾಡಿದರು. ಕೊನೆಯ ಹಿಡಿ ಅಕ್ಕಿ ಮುಗಿದ ಮೇಲೆ 11 ದಿನ ಕಾಡಿನ ಸೊಪ್ಪು, ನೀರು, ಒಂದಿಷ್ಟು ಕಾಡು ಖರ್ಜೂರ. ಇದನ್ನೆಲ್ಲ ರಮಾಬಾಯಿಯೇ ಮುಂದೆ ಬರೆದಿಟ್ಟಿದ್ದಾರೆ. ತಂದೆ ಜಲಸಮಾಧಿ ಆಗುತ್ತೇನೆಂದು ಹೊರಟಾಗ ಅಣ್ಣ ಶ್ರೀನಿವಾಸ ತಡೆದು, ಯಾವ ಕೂಲಿಯಾದರೂ ಸರಿ ಮಾಡಿ ಸಾಕುತ್ತೇನೆ ಎಂದ. ಆದರೂ ತಂದೆ ಉಳಿಯಲಿಲ್ಲ. ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು, ಆಮೇಲೆ ಅಕ್ಕ.

ತಾಯಿಯ ಕೊನೆಯ ದಿನಗಳದ್ದು ಒಂದು ಸಂಗತಿ ಇದೆ. ಜ್ವರದಲ್ಲಿ ಮಲಗಿದ್ದ ತಾಯಿಗಾಗಿ ರಮಾಬಾಯಿ ನೆರೆಮನೆಯ ಬ್ರಾಹ್ಮಣ ಗೃಹಿಣಿಯ ಬಳಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ಹೋದರು. ಬಾಗಿಲಲ್ಲಿ ನಿಂತರು. ಆ ಗೃಹಿಣಿ ಅಂತಃಕರಣದಿಂದಲೇ ಮಾತನಾಡಿಸಿದರು. ಹುಡುಗಿಗೆ ಬಾಯಿ ತೆರೆಯಲು ಆಗಲಿಲ್ಲ. ಶ್ಲೋಕಗಳನ್ನು ಸಾವಿರಗಟ್ಟಲೆ ಬಾಯಿಪಾಠ ಹೇಳುವ ಹುಡುಗಿಗೆ "ರೊಟ್ಟಿ ಕೊಡಿ" ಎನ್ನಲು ನಾಲಿಗೆ ಏಳಲಿಲ್ಲ. ತುಟಿ ಬಿಗಿಹಿಡಿದು ನಿಂತರೂ ಕಣ್ಣು, ಮೂಗು ಮಾತು ಕೇಳಲಿಲ್ಲ, ಸುರಿಯತೊಡಗಿದವು ಎಂದು ಆಕೆ ಬರೆಯುತ್ತಾರೆ. ಏನಮ್ಮ ಎಂದು ಗೃಹಿಣಿಯೇ ಕೇಳಿ, ತಿಳಿದು, ರೊಟ್ಟಿ ಕೊಟ್ಟರು. ಓಡಿಹೋಗಿ ಕೊಟ್ಟರೆ ತಾಯಿಗೆ ತಿನ್ನಲು ಶಕ್ತಿ ಇರಲಿಲ್ಲ. ಕೆಲವು ದಿನಗಳಲ್ಲಿ ತೀರಿಹೋದರು.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ "ಸಾಕ್ಷಿ" ಹೇಳುವ ಪದ್ಧತಿ ಇದೆ. ಕ್ರೈಸ್ತರಲ್ಲದ ಕೇಳುಗರಿಗಾಗಿ ಹೇಳುತ್ತೇನೆ: ದೇವರು ನನಗೆ ಹೀಗೆ ಸಹಾಯ ಮಾಡಿದ ಎಂದು ಎದ್ದು ನಿಂತು ನಾಲ್ಕು ಜನರ ಮುಂದೆ ಹೇಳುವುದು. ಬಹಳ ಒಳ್ಳೆಯ ಪದ್ಧತಿ. ಆದರೆ ನಾನು ಗಮನಿಸಿದ ಹಾಗೆ, ಎದ್ದು ನಿಲ್ಲುವವರೆಲ್ಲ ಗೆದ್ದವರೇ. ಮಗನಿಗೆ ಕೆಲಸ ಸಿಕ್ಕಿತು, ಗಡ್ಡೆ ಕರಗಿತು, ಸಾಲ ತೀರಿತು, ಸ್ತೋತ್ರ. ಅದೇ ಕೂಟದಲ್ಲಿ, ಅದೇ ಚಾಪೆಯ ಮೇಲೆ, ಅಷ್ಟೇ ಕಣ್ಣೀರಿನಿಂದ ಬೇಡಿಕೊಂಡೂ ಗಂಡನನ್ನು ಮಣ್ಣು ಮಾಡಿ ಬಂದವಳು ಕುಳಿತಿರುತ್ತಾಳೆ. ಅವಳು ಏಳುವುದಿಲ್ಲ. ಅವಳಿಗೆ ಹೇಳಲು ಏನೂ ಇಲ್ಲ ಎಂದು ನಾವು ತಿಳಿದುಕೊಂಡಿರುತ್ತೇವೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, "ನಿನ್ನ ನಂಬಿಕೆ ಎಲ್ಲೋ ಸಡಿಲ ಇತ್ತು ಸಿಸ್ಟರ್" ಎಂದೂ ಅಂದುಬಿಡುತ್ತಾರೆ. ಸತ್ತ ಮನೆಯಲ್ಲಿ ಇಂಥ ಮಾತು ಕೇಳಿದವಳು ನಾನು. ಇದನ್ನು ಕ್ರೂರ ಎನ್ನದೆ ಬೇರೆ ಏನೆನ್ನಲಿ?

ಬೈಬಲ್ಲಿಗೆ ಇಂಥ ಅವಸರ ಇಲ್ಲ. 150 ಕೀರ್ತನೆಗಳಿವೆ, ಅವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಿನ ಹಾಡುಗಳು. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ, ಯಾಕೆ ಮುಖ ಮರೆಸಿಕೊಂಡಿದ್ದೀ ಎಂದು 13ನೆಯ ಕೀರ್ತನೆ ಜಗಳಕ್ಕೇ ನಿಲ್ಲುತ್ತದೆ. ಹೆಚ್ಚಿನವು ಕೊನೆಗೆ ಹೇಗೋ ತಿರುಗಿಕೊಂಡು, ಆದರೂ ನಿನ್ನನ್ನೇ ನಂಬಿದ್ದೇನೆ ಎಂದು ಮುಗಿಯುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ. ಹೇಮಾನ ಎಂಬವನ ಹೆಸರಿನಲ್ಲಿದೆ. ಹಗಲೂ ಕೂಗಿದೆ, ಇರುಳೂ ಕೂಗಿದೆ, ಗೆಳೆಯರನ್ನೂ ನೀನೇ ದೂರ ಮಾಡಿದೆ ಎಂದು ದೂರುತ್ತ ದೂರುತ್ತ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆ ಹಾಡನ್ನು ಯಾರೂ ಕಿತ್ತುಹಾಕಲಿಲ್ಲ, ಕೊನೆಗೆ ಒಂದು ಸಂತೋಷದ ಸಾಲು ಅಂಟಿಸಲೂ ಇಲ್ಲ. ಅದನ್ನೂ ಪ್ರಾರ್ಥನೆ ಎಂದೇ ಎಣಿಸಿ ಉಳಿಸಿಕೊಂಡು ಬಂದಿದ್ದಾರೆ. ಅಂದ ಮೇಲೆ ಸಿಟ್ಟನ್ನು ಹೊರಗೆ ಬಿಟ್ಟು ಬಂದವರಿಗೆ ಮಾತ್ರ ಪ್ರಾರ್ಥಿಸುವ ಹಕ್ಕು ಎಂದು ಹೇಳುವವರು ಯಾವ ಪುಸ್ತಕ ಓದಿದ್ದಾರೋ ನನಗೆ ತಿಳಿಯದು.

ಯೇಸುವಿನ ವಿಷಯವನ್ನೇ ನೋಡಿ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಆಗುವುದಾದರೆ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿಕೊಂಡ. ತೊಲಗಲಿಲ್ಲ. ಅದಕ್ಕಿಂತ ಮೊದಲು ಮೂವರು ಶಿಷ್ಯರಿಗೆ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡಿದ್ದ. ಅವರು ನಿದ್ದೆ ಹೋದರು. ಈ ಎರಡನೆಯ ಕೋರಿಕೆಯನ್ನು ನಾವು ಬೇಗ ಓದಿ ದಾಟಿಬಿಡುತ್ತೇವೆ. ದೇವಕುಮಾರನೆಂದು ನಾವು ನಂಬುವವನಿಗೂ ಆ ರಾತ್ರಿ ಪಕ್ಕದಲ್ಲಿ ಎಚ್ಚರವಾಗಿರುವ ಮನುಷ್ಯರು ಬೇಕಾಗಿದ್ದರು. ಅಪೊಸ್ತಲ ಪೌಲನಿಗೆ ಶರೀರದಲ್ಲೊಂದು ಬಾಧೆ ಇತ್ತು, ಏನೆಂದು ಆತ ಹೇಳುವುದಿಲ್ಲ. ತೆಗೆದುಹಾಕು ಎಂದು ಮೂರು ಸಲ ಬೇಡಿದ. ಸಿಕ್ಕ ಉತ್ತರ: "ನನ್ನ ಕೃಪೆಯೇ ನಿನಗೆ ಸಾಕು." ಬಾಧೆ ಹೋಯಿತು ಎಂದು ಎಲ್ಲೂ ಬರೆದಿಲ್ಲ. ಆತನ ಓಡಾಟವಂತೂ ನಿಲ್ಲಲಿಲ್ಲ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ನನಗೆ ಇದರಲ್ಲಿ ಹಿಡಿಸಿದ ಉತ್ತರ ಪ್ರವಾದಿ ಎಲೀಯನ ಕಥೆಯಲ್ಲಿದೆ, ಬೈಬಲ್ಲಿನ ಮೊದಲನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯ. ರಾಣಿ ಕೊಲ್ಲಿಸುತ್ತಾಳೆಂದು ಅಡವಿಗೆ ಓಡಿಹೋದವನು ಗಿಡದ ಬುಡದಲ್ಲಿ ಕುಸಿದು, ಸಾಕಪ್ಪ, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ಹೇಳಿ ಮಲಗಿಬಿಡುತ್ತಾನೆ. ದೇವದೂತ ಬಂದು ತಟ್ಟಿ ಎಬ್ಬಿಸಿ ಏನು ಹೇಳಿದ ಗೊತ್ತೇ? ಎದ್ದು ಊಟಮಾಡು. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ. ಮತ್ತೊಮ್ಮೆ ಬಂದು ತಟ್ಟಿದ, ಮತ್ತೆ ಊಟ ಕೊಟ್ಟ, ಹಾದಿ ದೂರ ಇದೆ ಎಂದ. ಸಾಯಬೇಕೆಂದು ಬೇಡಿದವನಿಗೆ ಉಪದೇಶ ಕೊಡಲಿಲ್ಲ, ರೊಟ್ಟಿ ಕೊಟ್ಟ, ನಿದ್ದೆಗೆ ಬಿಟ್ಟ. ನಮ್ಮ ಜೋಳದ ರೊಟ್ಟಿಯ ಸೀಮೆಯವರಿಗೆ ಈ ದೂತ ಬಹಳ ಹತ್ತಿರದವನು.

ಈಗ ಪುಣೆಯ ಮಾತಿಗೆ ಬರುತ್ತೇನೆ. ಇಲ್ಲಿ ಕನ್ನಡ ಕ್ರೈಸ್ತರೆಂದರೆ ಒಂದೇ ಬಗೆಯವರಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆಯ ಮೆಥೋಡಿಸ್ಟರಿದ್ದಾರೆ, ಧಾರವಾಡ, ಗದಗ-ಬೆಟಗೇರಿಯಿಂದ ಬಂದ ಬಾಸೆಲ್ ಮಿಷನ್ ಮನೆತನಗಳಿವೆ, ಜಪಮಾಲೆ ಹಿಡಿಯುವ ಮಂಗಳೂರಿನ ಕಥೋಲಿಕರಿದ್ದಾರೆ. ಕೆಲವರು ಕಾರ್ಖಾನೆ ಕೆಲಸಕ್ಕೆ ಬಂದು ಪಿಂಪರಿ, ಭೋಸರಿಯಲ್ಲಿ ಸ್ವಂತ ಮನೆ ಮಾಡಿದರು. ಕೆಲವರು ಇವತ್ತಿಗೂ ಬೆಳಿಗ್ಗೆ ಎದ್ದು, ದಿನಗೂಲಿಯವರು ಕೆಲಸಕ್ಕೆ ಕಾಯುವ ಮಜೂರ ಅಡ್ಡಾದಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಲ್ಲುವವರು. ಭಾನುವಾರದ ಆರಾಧನೆಗಿಂತ ವಾರದ ನಡುವಿನ ಮನೆ ಕೂಟದಲ್ಲಿ ಇವರೆಲ್ಲರ ಸಂಕಟ ಹೊರಗೆ ಬೀಳುತ್ತದೆ.

ನಾನು ಹೋಗುವ ಕೂಟವನ್ನು ನಡೆಸುವವರು ಆಳಂದ ಕಡೆಯ ಒಬ್ಬ ಹಿರಿಯರು. ನಾವೆಲ್ಲ ಅವ್ವ ಎನ್ನುತ್ತೇವೆ. ಅವರ ಹತ್ತಿರ ಮೊಮ್ಮಗನ ಹಳೆಯ ಶಾಲೆಯ ನೋಟ್‌ಬುಕ್ ಒಂದಿದೆ. ಮುಂದಿನ ಹಾಳೆಗಳಲ್ಲಿ ಅವನ ಗುಣಾಕಾರದ ಲೆಕ್ಕ, ಮೇಷ್ಟರ ಕೆಂಪು ಗೀಟು. ಉಳಿದ ಹಾಳೆಗಳಲ್ಲಿ ಅವ್ವ ಪ್ರಾರ್ಥನೆಯ ಬೇಡಿಕೆಗಳನ್ನು ಬರೆದುಕೊಳ್ಳುತ್ತಾರೆ. ಎಡಗಡೆ ಪುಟದಲ್ಲಿ ಯಾರಿಗೆ ಏನು ಕಷ್ಟ, ಬಲಗಡೆ ಪುಟದಲ್ಲಿ ನಮ್ಮಲ್ಲಿ ಯಾರು ಏನು ಮಾಡುವುದು. ಎಡಗಡೆ "ಆಪರೇಷನ್" ಎಂದಿದ್ದರೆ ಬಲಗಡೆ ರಾತ್ರಿ ಕಾಯುವವರ ಹೆಸರು, ರಕ್ತ ಕೊಡುವವರ ಹೆಸರು, ಮಕ್ಕಳನ್ನು ಶಾಲೆಯಿಂದ ಕರೆತರುವವರ ಹೆಸರು. ಬಲಗಡೆ ಪುಟ ಖಾಲಿ ಇದ್ದರೆ ಅವ್ವ "ಆಮೆನ್" ಅನ್ನುವುದಿಲ್ಲ. ಕನ್ನಡಕ ಹಣೆಗೆ ಏರಿಸಿ ಒಬ್ಬೊಬ್ಬರ ಮುಖ ನೋಡುತ್ತಾರೆ. ಯಾರಾದರೂ ಬಾಯಿ ಬಿಡುವ ತನಕ ಪ್ರಾರ್ಥನೆ ಮುಗಿಯುವ ಹಾಗಿಲ್ಲ. ಚಳಿ ಬಿಸಿಲಿಗೆ ಬಟ್ಟೆ ಇಲ್ಲದವನಿಗೆ, ಹೊಟ್ಟೆಗೆ ಇಲ್ಲದವನಿಗೆ, ಹೋಗಪ್ಪ, ಚೆನ್ನಾಗಿರು ಎಂದು ಬರೀ ಮಾತು ಹೇಳಿ ಕಳಿಸಿದರೆ ಏನು ಬಂತು ಎಂದು ಯಾಕೋಬನ ಪತ್ರಿಕೆ ಕೇಳುತ್ತದೆ. ಅವ್ವ ಆ ಪತ್ರಿಕೆಯನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿದ್ದಾರೆ.

ಒಮ್ಮೆ ಒಬ್ಬ ಹುಡುಗಿ ಬಂದಳು. ನಾಲ್ಕು ಮನೆ ಅಡುಗೆ ಕೆಲಸ ಮಾಡುವವಳು. ಗಂಡ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಗುತ್ತಿಗೆದಾರ ಫೋನ್ ಎತ್ತುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ಅವಳು ಮುಚ್ಚಲಿಲ್ಲ. "ನನಗ ಪ್ರಾರ್ಥನಾ ಬರವಲ್ದು ಅವ್ವ, ಸಿಟ್ಟ ಬರ್ತದ, ದೇವರ ಮ್ಯಾಲೇ ಬರ್ತದ" ಎಂದಳು. ಕೂಟದಲ್ಲಿ ಒಂದು ಕ್ಷಣ ಎಲ್ಲರಿಗೂ ಇರಿಸುಮುರಿಸು. ಅವ್ವ ಅಂದರು: "ಅದನ್ನೇ ಅಂವಗ ಹೇಳವ್ವ. ಕೇಳ್ಲಿಕ್ಕೇ ಕುಂತಾನ." ಅವಳು ಹೇಳಿದಳು, ಗುತ್ತಿಗೆದಾರನಿಗೂ ದೇವರಿಗೂ ಸೇರಿಸಿಯೇ ಹೇಳಿದಳು. ಕೆಲವು ಮಾತುಗಳನ್ನು ಬಾನುಲಿಯಲ್ಲಿ ಹೇಳುವಂತಿಲ್ಲ. ಆಮೇಲೆ ಅವ್ವ ನೋಟ್‌ಬುಕ್ ತೆಗೆದರು. ಕಾರ್ಮಿಕರ ಪರಿಹಾರದ ಅರ್ಜಿ ಬರೆಯಲು ಮರಾಠಿ ಚೆನ್ನಾಗಿ ಬಲ್ಲ ಒಬ್ಬರು, ಆಸ್ಪತ್ರೆಗೆ ಊಟ ಒಯ್ಯಲು ಇಬ್ಬರು, ಅವಳು ರಜೆ ಹಾಕಿದರೆ ಕೆಲಸ ಹೋಗಬಾರದೆಂದು ಅವಳ ಮನೆಗಳಲ್ಲಿ ಬದಲಿ ಅಡುಗೆಗೆ ಒಬ್ಬರು. ಆ ಕೊನೆಯದು ನನ್ನ ಪಾಲಿಗೆ ಬಂತು. ಮೊದಲ ದಿನವೇ ಒಬ್ಬ ಮನೆಯೊಡತಿ ನನ್ನ ಚಪಾತಿ ನೋಡಿ ನಿಟ್ಟುಸಿರು ಬಿಟ್ಟರು. ಇರಲಿ.

ಗಂಡ ಮೊದಲಿನ ಹಾಗೆ ಆಗಲಿಲ್ಲ. ಕೋಲು ಊರಿ ನಡೆಯುತ್ತಾನೆ, ಒಂದು ಸೊಸೈಟಿಯ ಗೇಟಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ಪರಿಹಾರದ ಹಣದಲ್ಲಿ ಸ್ವಲ್ಪ ಬಂದಿದೆ, ಇನ್ನೂ ಅಲೆಯುತ್ತಿದ್ದಾರೆ. ಅವಳು ಇವತ್ತಿಗೂ ಸಾಕ್ಷಿ ಹೇಳಲು ಎದ್ದಿಲ್ಲ. ಆದರೆ ಅವ್ವನ ಬಲಗಡೆ ಪುಟದಲ್ಲಿ ಈಗ ಅವಳ ಹೆಸರು ಮೇಲಿಂದ ಮೇಲೆ ಬರುತ್ತದೆ, ಬೇರೆಯವರ ಆಸ್ಪತ್ರೆ ರಾತ್ರಿಗಳಿಗೆ.

ಮತ್ತೆ ರಮಾಬಾಯಿ. ತಂದೆ, ತಾಯಿ, ಅಕ್ಕ ಹೋದ ಮೇಲೆ ಅಣ್ಣನ ಜೊತೆ ದೇಶವೆಲ್ಲ ನಡೆದು ಕಲ್ಕತ್ತೆ ಸೇರಿದರು. 1878ರಲ್ಲಿ ಅಲ್ಲಿನ ವಿದ್ವಾಂಸರು "ಪಂಡಿತಾ" ಎಂದು ಕರೆದರು. 1880ರಲ್ಲಿ ಅಣ್ಣನೂ ತೀರಿಹೋದ. ಮದುವೆಯಾದ ಬಿಪಿನ್ ಬಿಹಾರಿ 1882ರಲ್ಲಿ ಕಾಲರಾಕ್ಕೆ ತುತ್ತಾದರು, ಮಗಳು ಮನೋರಮೆಗೆ ಇನ್ನೂ ವರ್ಷ ತುಂಬಿರಲಿಲ್ಲ. ವೈದ್ಯ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರೆ ಕಿವಿ ಮಂದವೆಂದು ಆ ಬಾಗಿಲೂ ಮುಚ್ಚಿತು. ಆಕೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದದ್ದು ಆ ವರ್ಷವೇ. ಆಕೆಯನ್ನು ಎಳೆದದ್ದು ಪವಾಡವಲ್ಲ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜ ಹೊರಗೆ ತಳ್ಳಿದ ಹೆಂಗಸರನ್ನು ಸಿಸ್ಟರುಗಳು ಆರೈಕೆ ಮಾಡುವುದನ್ನು ಕಂಡು, ಇವರಿಗೆ ಇದನ್ನು ಮಾಡಿಸುವುದು ಯಾವುದು ಎಂದು ಕೇಳಿದರು. ಜನ ಕೀಳಾಗಿ ಕಂಡ ಸಮಾರ್ಯದ ಹೆಂಗಸು ಬಾವಿಯ ಬಳಿ ಯೇಸುವಿನೊಡನೆ ಮಾತನಾಡಿದ ಕಥೆಯನ್ನು ಅವರು ಹೇಳಿದರು. ಒಪ್ಪಿಕೊಂಡ ಮೇಲೂ ಆಕೆ ತಲೆ ತಗ್ಗಿಸಿ ಕೂಡಲಿಲ್ಲ. ಸಿದ್ಧಾಂತದ ವಿಷಯದಲ್ಲಿ ಸಿಸ್ಟರುಗಳೊಡನೆ, ಬಿಷಪ್ಪರೊಡನೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಮತಾಂತರದ ವಿಷಯಕ್ಕೆ ಪುಣೆಯಲ್ಲಿ ಆಕೆ ವಿಧವೆಯರಿಗಾಗಿ ನಡೆಸುತ್ತಿದ್ದ ಶಾಲೆ ಶಾರದಾ ಸದನ ದೊಡ್ಡ ವಿವಾದಕ್ಕೆ ಸಿಕ್ಕಿತು, ನ್ಯಾಯಮೂರ್ತಿ ರಾನಡೆಯಂಥ ಹಿತೈಷಿಗಳೂ ದೂರ ಸರಿದರು. ಆ ವಾದ ಇವತ್ತಿಗೂ ಮುಗಿದಿಲ್ಲ. ಅದಕ್ಕೆ ಬೇರೆಯೇ ಭಾಷಣ ಬೇಕು.

ನಾನು ಹೇಳಬೇಕೆಂದಿರುವುದು 1896-97ರ ಬರದ ಮಾತು. ಮಧ್ಯಪ್ರಾಂತದಲ್ಲಿ ಹೆಣ್ಣುಮಕ್ಕಳು ಬೀದಿಪಾಲಾಗಿದ್ದಾರೆ ಎಂದು ಕೇಳಿದಾಗ ರಮಾಬಾಯಿಗೆ ಪ್ರಾರ್ಥಿಸಿ ಸುಮ್ಮನಿರಲು ಆಗಲಿಲ್ಲ. ಹೊಟ್ಟೆ ಹಸಿದು ಸೊಪ್ಪು ತಿಂದ ದಿನಗಳನ್ನು ಮೈ ಮರೆತಿರಲಿಲ್ಲ. ತಾವೇ ಹೋಗಿ ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು, ಹೊಸಬರನ್ನು ಇಟ್ಟುಕೊಳ್ಳುವಂತಿಲ್ಲ. ಕೇಡಗಾಂವಿನ ಹೊಲದಲ್ಲಿ ಡೇರೆ ಹಾಕಿದರು. ಅದೇ ವರ್ಷ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಗೆ ಬರೆದು ಬ್ರಿಟಿಷ್ ಆಡಳಿತವನ್ನು ಪ್ರಶ್ನಿಸಿದರು. 1900ರ ಬರದಲ್ಲಿ ಗುಜರಾತಿನಿಂದಲೂ ಮಕ್ಕಳು ಬಂದರು. ಕೇಡಗಾಂವಿನಲ್ಲಿ ಸಾವಿರಕ್ಕೂ ಹೆಚ್ಚು ಜನ, ಮಗ್ಗ, ಹೊಲ, ಛಾಪಖಾನೆ, ಕುರುಡರಿಗೆ ಓದು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎಂದು ಅಲ್ಲಿ ದಿನಾ ಪ್ರಾರ್ಥನೆ. ಆ ಪ್ರಾರ್ಥನೆ ಮುಗಿದ ಮೇಲೆ ಸಾವಿರ ತಟ್ಟೆಗೆ ಹಿಟ್ಟು ಬೀಸಬೇಕು, ನೀರು ಸೇದಬೇಕು. ನೆರೆಮನೆಯ ಬಾಗಿಲಲ್ಲಿ ಬಾಯಿ ಬಾರದೆ ನಿಂತಿದ್ದವಳಿಗೆ, ಕೇಳಲು ನಾಚುವ ಮಕ್ಕಳ ಮುಖ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. 1921ರಲ್ಲಿ ಮನೋರಮೆಯೂ ತಾಯಿಗಿಂತ ಮೊದಲೇ ಹೋದಳು. ರಮಾಬಾಯಿ ಆಗ ಇಡೀ ಬೈಬಲ್ಲನ್ನು ಹೀಬ್ರೂ, ಗ್ರೀಕಿನಿಂದ ಸರಳ ಮರಾಠಿಗೆ ತರುವ ಕೆಲಸದಲ್ಲಿದ್ದರು. ಕೈಬಿಡಲಿಲ್ಲ. 1922ರ ಏಪ್ರಿಲ್ 5ರಂದು ತೀರಿಕೊಂಡರು.

ಸಾಯುವ ಮುನ್ನ ತಂದೆ ಅನಂತಶಾಸ್ತ್ರಿಗಳು ಕಿರಿಯ ಮಗಳಾದ ಆಕೆಯನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಆತನದೇ ಸೇವೆ ಮಾಡು ಎಂದಿದ್ದರಂತೆ. ಅವರು ಹೇಳಿದ್ದು ತಮ್ಮ ವಿಷ್ಣುವಿನ ಹೆಸರಿನಲ್ಲಿ. ಮಗಳು ಕ್ರೈಸ್ತಳಾಗಿ ಬಹಳ ವರ್ಷಗಳಾದ ಮೇಲೂ ಆ ಮಾತನ್ನು ಕೃತಜ್ಞತೆಯಿಂದ ಬರೆದುಕೊಂಡಿದ್ದಾಳೆ. ಬೇರೆ ನಂಬಿಕೆಯ ಕೇಳುಗರು ಇದನ್ನು ಹೇಗೆ ತೆಗೆದುಕೊಳ್ಳುತ್ತಾರೋ, ಅದು ಅವರಿಗೆ ಬಿಟ್ಟದ್ದು.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಪ್ರಾರ್ಥನೆ ಮಾಡಿದ್ದೇವೆ, ಇನ್ನು ಗುಳಿಗೆ ಬೇಡ ಎನ್ನುವವರ ಮಾತು ಕೇಳಬೇಡಿ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಡಿಸುವ, ಟಿಬಿ ಔಷಧಿಯನ್ನು ನಡುವೆಯೇ ನಿಲ್ಲಿಸುವ ನಂಬಿಕೆ ನಂಬಿಕೆಯೇ ಅಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ "ಪ್ರಿಯ ವೈದ್ಯ" ಎಂದೇ ಕರೆಯುತ್ತಾನೆ. ಮನಸ್ಸು ಕುಸಿದು ಸಾಯಬೇಕೆನಿಸಿದರೂ ಅಷ್ಟೇ, ಡಾಕ್ಟರ ಹತ್ತಿರ ಹೋಗಿ, ಮನೆಯವರಿಗೆ ಹೇಳಿ, ಕೂಟಕ್ಕೂ ಬನ್ನಿ.

ಇನ್ನು ಬರಲಿರುವ ಒಂದು ಭಾನುವಾರ 88ನೆಯ ಕೀರ್ತನೆಯನ್ನು ಆರಾಧನೆಯಲ್ಲಿ ಓದಿಸಿ ಎಂದು ನಮ್ಮ ಪಾಸ್ಟರ ಬೆನ್ನು ಹತ್ತಿದ್ದೇನೆ. ಪೂರ್ತಿ, ಕೊನೆಯ ಸಾಲಿನವರೆಗೆ. ಅವರು ತಲೆ ಕೆರೆದುಕೊಂಡು, "ಓದಿಸೋಣ ಅಕ್ಕಾ, ಆದರೆ ಅದರ ಬೆನ್ನಿಗೇ ಒಂದು ಸಂತೋಷದ ಹಾಡು ಹಾಡಿಬಿಡೋಣ" ಎಂದರು. ಹಾಡೋಣ, ಆದರೆ ನಡುವೆ ಸ್ವಲ್ಪ ಹೊತ್ತು ಬಿಡಿ, ಹಾರ್ಮೋನಿಯಂನವರಿಗೆ ಮೊದಲೇ ಹೇಳಿಡಿ ಎಂದಿದ್ದೇನೆ. ಓದಲು ಆ ಅಡುಗೆಯ ಹುಡುಗಿಯನ್ನು ಕೇಳಿದ್ದೇವೆ. ಇನ್ನೂ ಹೂಂ ಅಂದಿಲ್ಲ.

ನಮಸ್ಕಾರ.